ನಮ್ಮ ಮನಿಯ ಮಿರಜ ತಂಬೂರಿ

ಮೊನ್ನೆ ಶ್ರಾವಣ ಶುಕ್ರವಾರ ಅರಿಷಿಣ-ಕುಂಕುಮಕ್ಕ ಬಂದ ಮಂದಿಯೊಳಗ ಒಬ್ಬಾಕಿ ಹೊಸಾ ಸೊಸಿ ಇದ್ಲು. ನಮ್ಮ ಪಡಸಾಲಿ ಮೂಲ್ಯಾಗ ಗವಸು ಹಾಕಿ ನಿಲ್ಲಿಸಿದ್ದನ್ನ ನೋಡಿ, "ಕಾಕು, ಇದು ವೀಣಾ ಏನ್ರಿ?" ಅಂತ ಕೇಳಿದ್ಲು. "ಅಲ್ಲವಾ, ತಂಬೂರಿ. ಮಿರಜದ್ದು" ಅಂದೆ. "ಮೊಬೈಲ್‌ನಾಗ ತಂಬೂರಿ ಆಪ್ ಪುಕ್ಕಟ ಸಿಗ್ತದಲ್ರಿ, ಇಷ್ಟು ದೊಡ್ಡದು ಯಾಕ ಇಟ್ಕೊಂಡೀರಿ?" ಅಂದ್ಲು. ಎಲ್ಲಾರೂ ನಕ್ರು, ನಾನೂ ನಕ್ಕೆ. ಅವರೆಲ್ಲಾ ಹೋದ ಮ್ಯಾಲೆ ಕೋಸಂಬರಿ ಬಟ್ಟಲಾ ತೊಳಕೋತ ವಿಚಾರ ಮಾಡಿದೆ. ಆಕಿ ಕೇಳಿದ್ದೇನು ತಪ್ಪಲ್ಲ. ಅದಕ್ಕ ಇವತ್ತ ಉತ್ತರ ಬರೀಲಿಕ್ಕೆ ಕೂತೀನಿ. ಸ್ವಲ್ಪ ಉದ್ದ ಆಗ್ತದ, ಚಹಾ ಮಾಡ್ಕೊಂಡು ಕೂಡ್ರಿ.

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಮಿರಜಕ್ಕ ಹೊಂಟೇನಿ ಅಂದ್ರ "ಯಾಕ, ಯಾರಿಗೇನಾಗೇದ?" ಅಂತ ಕೇಳ್ತಾರ. ಅಷ್ಟು ದವಾಖಾನಿ ಅಲ್ಲಿ. ಆದ್ರ ದವಾಖಾನಿ ಬರೂಕಿಂತ ಮೊದಲ ಆ ಊರಾಗ ತಂಬೂರಿ ಇತ್ತು. ಈ ಕಥಿ ಸುರು ಆಗೂದು ತಂಬೂರಿಯಿಂದ ಅಲ್ಲ, ಕತ್ತಿಯಿಂದ.

ಮಿರಜ ಪಟವರ್ಧನರ ಸಂಸ್ಥಾನ. ಪೇಶ್ವೆ ಕಾಲದಾಗ ಅವರು ದೊಡ್ಡ ಸರದಾರರು. ಸೈನ್ಯ ಇದ್ದ ಮ್ಯಾಲೆ ಕತ್ತಿ ಬೇಕು, ಕತ್ತಿ ಇದ್ದ ಮ್ಯಾಲೆ ಸಾಣಿ ಹಿಡಿಯೋರು ಬೇಕು. ಆ ಕೆಲಸ ಮಾಡೋ ಮುಸಲ್ಮಾನ ಮನೆತನಕ್ಕ ಶಿಕಲಗಾರ ಅಂತ ಹೆಸರು. 1818ರಾಗ ಪೇಶ್ವೆ ರಾಜ್ಯ ಮುಳುಗಿತು, ಇಂಗ್ಲೀಷರ ಕೈ ಮ್ಯಾಲಾತು. ಸಂಸ್ಥಾನ ಉಳೀತು, ಆದ್ರ ಲಡಾಯಿ ಇಲ್ಲ. ಲಡಾಯಿ ಇಲ್ಲದ ಮ್ಯಾಲೆ ಕತ್ತಿ ಯಾರಿಗೆ ಬೇಕು? ಆ ಮನಿ ಹೆಣ್ಮಕ್ಕಳು ಒಲಿ ಮುಂದ ಕೂತು ಏನು ಚಿಂತಿ ಮಾಡಿರಬೇಕು ಅಂತ ನನಗ ಯಾವಾಗ್ಲೂ ಅನಸ್ತದ. ಇತಿಹಾಸದ ಪುಸ್ತಕದಾಗ ಅದನ್ನ ಬರದಿರೂದಿಲ್ಲ.

ಆದ್ರ ಸಂಸ್ಥಾನಿಕರಿಗೆ ಗಾಯನದ ಹುಚ್ಚಿತ್ತು. ದೂರ ದೂರದಿಂದ ಗವಾಯಿಗಳು ಬರ್ತಿದ್ರು, ಅವರ ವಾದ್ಯ ಕೆಟ್ಟರ ರಿಪೇರಿ ಮಾಡೋರು ಬೇಕಾದ್ರು. 1850ರ ಸುಮಾರಿಗೆ ಅದೇ ಶಿಕಲಗಾರ ಮನಿತನದ ಫರೀದಸಾಹೇಬರು ಆ ಕೆಲಸಕ್ಕ ಕೈ ಹಾಕಿದ್ರು. ರಿಪೇರಿ ಮಾಡ್ತ ಮಾಡ್ತ ತಾವ ಹೊಸಾದು ಕಟ್ಟಲಿಕ್ಕೆ ಕಲ್ತ್ರು. ಅವರಿಂದ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು. ಕಡೀಕೆ ಅಡ್ಡಹೆಸರ ಬದಲಾಗಿ 'ಸಿತಾರಮೇಕರ' ಆತು. ಕತ್ತಿ ಹೋದ್ರೂ ಕೈ ಹೋಗಲಿಲ್ಲ ನೋಡ್ರಿ. 2024ರಾಗ ಮಿರಜದ ಸಿತಾರಕ್ಕೂ ತಂಬೂರಿಗೂ ಭೌಗೋಳಿಕ ಗುರುತಿನ ಮಾನ್ಯತಾ ಸಿಕ್ಕದ. ನಮ್ಮ ಇಳಕಲ್ ಸೀರಿಗೆ, ಧಾರವಾಡ ಫೇಡೆಕ್ಕ ಇದ್ದಂಗ.

ಇನ್ನ ಮಾಡೂದು ಹೆಂಗ ಅಂತ ಹೇಳ್ತೀನಿ. ಅಡಗಿ ಮಾಡೋ ಮಂದಿಗೆ ಇದು ಛಲೋ ತಿಳೀತದ. ಕೆಳಗಿನ ದುಂಡನ ಬುರುಡಿ ಅದಲ್ಲ, ಅದು ಕುಂಬಳಕಾಯಿ ಜಾತಿದು. ಮರಾಠ್ಯಾಗ ಭೋಪಳಾ ಅಂತಾರ. ಪಲ್ಯಾ ಮಾಡೋ ಕಾಯಿ ಅಲ್ಲ, ಕಹಿ ವಿಷ ಅದು, ಸಿಪ್ಪಿ ಭಾಳ ದಪ್ಪ. ಪಂಢರಪುರ, ಮಂಗಳವೇಢೆ ಕಡೆ ರೈತರು ಬೆಳೀತಾರ. ತಿಂಗಳಗಟ್ಟಲೆ ಒಣಗಿಸಿ, ಮಿರಜಕ್ಕ ಬಂದ ಮ್ಯಾಲೆ ನೀರಾಗ ನೆನಿ ಹಾಕಿ, ಮೆತ್ತಗಾದ ಮ್ಯಾಲೆ ಕೊಯ್ದು, ಒಳಗಿನ ತಿರುಳು ಬೀಜ ಕೆರದು ತಗೀತಾರ. ಆಕಾರ ಕೆಡಬಾರದು ಅಂತ ಒಳಗ ಕಡ್ಡಿ ಅಡ್ಡ ಕೊಟ್ಟು ಮತ್ತ ಒಣಗಸ್ತಾರ. ಅದರ ಮ್ಯಾಲೆ ತೂನ್ ಅನ್ನೋ ಕಟಗಿ ದಂಡಿ, ಮುಖಕ್ಕ ತೆಳುವಾದ ಹಲಗಿ. ತಂಜಾವೂರು ಕಡೆ ತಂಬೂರಿ ಬುರುಡಿ ಹಲಸಿನ ಕಟಗೀದು, ನಮ್ಮ ಕಡೇದು ಕಾಯೀದು. ಯಾವ ಎರಡು ಕಾಯಿ ಒಂದ ನಮೂನಿ ಇರೂದಿಲ್ಲ, ಅದಕ್ಕ ಯಾವ ಎರಡು ಮಿರಜ ತಂಬೂರಿನೂ ಒಂದ ನಮೂನಿ ಇರೂದಿಲ್ಲ.

ಖರೇ ಕಸಬು ಇರೂದು ಕುದುರಿ ಮ್ಯಾಲೆ. ತಂತಿ ಹಾದು ಹೋಗೋ ಎಲುವಿನ ಸಣ್ಣ ಪೀಠಕ್ಕ ಕುದುರಿ ಅಂತಾರ. ಅದನ್ನ ಕಾನಸಿಂದ ಕೂದಲೆಳಿಯಷ್ಟು, ಕೂದಲೆಳಿಯಷ್ಟು ತಿಕ್ಕಿ ಒಂದು ಸಣ್ಣ ಇಳಿಜಾರ ಮಾಡ್ತಾರ. ಅದರ ಮ್ಯಾಲೆ ತಂತಿ ಸವರಿಕೋತ ನಡಗ್ತದ. ತಂತಿ ಕೆಳಗ ಒಂದು ದಾರದ ಎಳಿ ಇಡ್ತಾರ, ಅದಕ್ಕ ಜೀವಾಳಿ ಅಂತ ಹೆಸರು. ದಾರ ಸರಿಯಾದ ಜಾಗಾಕ್ಕ ಬಂತಂದ್ರ ತಂತಿ ಒಮ್ಮೆಲೇ ಜೀವ ತುಂಬಿ ಝೇಂಕರಸ್ತದ. ನಾಕನೇ ತಂತಿ, ಕೆಳಗಿನ ಷಡ್ಜ, ಅದರೊಳಗಿಂದ ಯಾರೂ ಬಾರಿಸದ ಗಾಂಧಾರ ತಾನ ಕೇಳಸ್ತದ. ಈ ಇಡೀ ಕಸಬಿಗೆ ಜವಾರಿ ಅಂತಾರ. ನಾವು ಜವಾರಿ ಸೌತಿಕಾಯಿ, ಜವಾರಿ ಬೆಂಡಿಕಾಯಿ ಅಂತೀವಲ್ಲ, ಶಬ್ದ ಬ್ಯಾರೆ ಇದ್ದೀತು, ರುಚಿ ಮಾತ್ರ ಅದೇ. ಕತ್ತಿ ಅಲಗಿಗೆ ಸಾಣಿ ಹಿಡದ ಮನಿಯವರಿಗೆ ಈ ಕೈ ಬರದ ಇನ್ನ್ಯಾರಿಗೆ ಬರಬೇಕು?

ಮಿರಜದ ತಂಬೂರಿ ನಮ್ಮ ಕಡೆ ಹೆಂಗ ಬಂತು ಅಂದ್ರ, ರೈಲು ಹಿಡದ. 19ನೇ ಶತಮಾನದ ಕೊನೀಗೆ ಮಿರಜ-ಬೆಳಗಾವಿ-ಹುಬ್ಬಳ್ಳಿ ರೈಲಿನಿಂದ ಕೂಡಿದ್ವು. ಉಸ್ತಾದ ಅಬ್ದುಲ್ ಕರೀಂ ಖಾನರು ಉತ್ತರದ ಕೈರಾನಾದವರು, ಕಡೀಕೆ ಮಿರಜದಾಗ ಮನಿ ಮಾಡಿದ್ರು. ಕುಂದಗೋಳದ ನಾಡಿಗೇರ ವಾಡೇಕ್ಕ ಬಂದು ಇರ್ತಿದ್ರು. ಅದೇ ಕುಂದಗೋಳದ ರಾಮಭಾವು ಅವರ ಶಿಷ್ಯರಾಗಿ ಸವಾಯಿ ಗಂಧರ್ವ ಅಂತ ಹೆಸರಾದ್ರು. 1937ರಾಗ ಖಾನಸಾಹೇಬರು ಮದರಾಸ ಕಡೆಯಿಂದ ಪಾಂಡಿಚೇರಿಗೆ ಹೊಂಟಾಗ ದಾರ್‍ಯಾಗ ಎದಿ ನೋವು ಬಂದು ಸಿಂಗಪೆರುಮಾಳ ಕೋಯಿಲ ಅನ್ನೋ ಸ್ಟೇಶನದಾಗ ಇಳದ್ರು. ಪ್ಲಾಟ್‌ಫಾರ್ಮ್ ಮ್ಯಾಲೆ ತಂಬೂರಿ ಶ್ರುತಿ ಮಾಡಿಸಿ, ದರಬಾರಿ ರಾಗದಾಗ ಪ್ರಾರ್ಥನಾ ಹಾಡಿ ಪ್ರಾಣ ಬಿಟ್ರು ಅಂತ ಹೇಳ್ತಾರ. ಅವರನ್ನ ಮಣ್ಣು ಮಾಡಿದ್ದು ಮಿರಜದ ದರ್ಗಾದಾಗ. ಇವತ್ತಿಗೂ ವರ್ಷಾ ಅವರ ಹೆಸರಲೇ ಅಲ್ಲಿ ಗಾಯನ ಆಗ್ತದ.

ಇದೆಲ್ಲಾ ಗಂಡಸರ ಕಥಿ ಆತು. ಹೆಣ್ಮಕ್ಕಳ ಕಥಿ ಬ್ಯಾರೆ. ನಮ್ಮ ಗಂಗೂಬಾಯಿ ಹಾನಗಲ್ಲರು 1913ರಾಗ ಹುಟ್ಟಿದವರು. 1924ರ ಬೆಳಗಾವಿ ಕಾಂಗ್ರೆಸ್‌ನಾಗ ಸಣ್ಣ ಹುಡುಗಿ ಇದ್ದಾಗ ಗಾಂಧೀಜಿ ಮುಂದ ಹಾಡಿದ್ರು. ಮುಂದ ಸವಾಯಿ ಗಂಧರ್ವರ ಹತ್ರ ಕಲೀಲಿಕ್ಕೆ ಹುಬ್ಬಳ್ಳಿಯಿಂದ ಕುಂದಗೋಳಕ್ಕ ರೈಲಿನಾಗ ಹೋಗಿ ಬರ್ತಿದ್ರು. ಓಣಿ ಮಂದಿ ಆಕಿ ನೋಡಿ 'ಗಾನೇವಾಲಿ' ಅಂತ ಆಡ್ಕೋತಿದ್ರಂತ. ಆ ಕಾಲದಾಗ ಮರ್ಯಾದಸ್ತರ ಮನ್ಯಾಗ ಮಗಳು ರಂಗೋಲಿ ಹಾಕಬಹುದು, ಹೆಣಿಗಿ ಹಾಕಬಹುದು, ದೇವರ ಮುಂದ ಎರಡು ಹಾಡು ಅನಬಹುದು. ತಂಬೂರಿ ಹಿಡದು ಕೂಡಂಗಿಲ್ಲ. ಹಂಗಾಗಿ ಪಡಸಾಲ್ಯಾಗ ಒಂದು ತಂಬೂರಿ ನಿಂತದ ಅಂದ್ರ ಅದು ಬರೇ ವಾದ್ಯ ಅಲ್ಲ. ಆ ಮನ್ಯಾಗ ಯಾರೋ ಒಬ್ರು ಮಂದಿ ಮಾತಿಗೆ ಹೆದರಲಿಲ್ಲ ಅಂತ ಅರ್ಥ.

ನಮ್ಮ ಮನ್ಯಾಗ ಹೆದರಲಾರದಾಕಿ ನಮ್ಮವ್ವ. ಆಕಿಗೆ ಹಾಡೂ ಆಶಾ ಭಾಳ ಇತ್ತು, ಅಜ್ಜ ಬಿಡಲಿಲ್ಲ. ನಾನು ಹದಿನಾಲ್ಕರಾಕಿ ಇದ್ದಾಗ, 1981ರಾಗ, ಓಣಿ ಹೆಣ್ಮಕ್ಕಳ ಭಿಶಿ ಆಕಿಗೆ ಹತ್ತಿತು. ಎಲ್ಲಾರೂ ಬೆಳ್ಳಿ ಸಮೆ ತಗೋ ಅಂದ್ರು. ಆಕಿ ನನ್ನ ಕೈ ಹಿಡಕೊಂಡು ಮಿರಜ ರೈಲು ಹತ್ತಿದ್ಲು. ಅಲ್ಲಿ ಮಾಡೋರು ಒಬ್ರು ಪೇಟಿ ಮುಂದಿಟ್ಟು ನನ್ನ ಕಡೆ ಸಾ ಹೇಳಿಸಿ, "ಕಾಳಿ ಪಾಂಚ್" ಅಂದ್ರು. ಅಂದ್ರ ಪೇಟಿಯ ಐದನೇ ಕರೀ ಮನಿ. ಆ ಅಳತಿಗೆ ತಂತಿ ಹಾಕಿ ಕೊಟ್ರು. ಸೀರಿಗೆ ಜಂಪರ್ ಹೊಲಿದಂಗ, ನನ್ನ ಧ್ವನಿಗೆ ತಂಬೂರಿ.

1988ರಾಗ ಲಗ್ನ ಆತು. ತಂಬೂರಿ ನನ್ನ ಸಂಗತೀನ ಬಂತು. ನಮ್ಮ ಅತ್ತಿ-ಮಾವ ಯಾರೂ ಹಾಡಬ್ಯಾಡ ಅನ್ನಲಿಲ್ಲ, ಸುಳ್ಳು ಹೇಳಬಾರದು. ಎರಡು ಖೋಲಿ ಮನಿ, ಏಳು ಮಂದಿ. ತಂಬೂರಿ ನಿಲ್ಲೋ ಮೂಲ್ಯಾಗ ಅಕ್ಕಿ ಡಬ್ಬಿ ಬಂತು. ತಂಬೂರಿ ಅಟ್ಟ ಹತ್ತಿತು. ಯಾರೂ ಬ್ಯಾಡ ಅನ್ನಲಿಲ್ಲ, ಜಾಗಾ ಇರಲಿಲ್ಲ, ಅಷ್ಟ. ಹಿಂಗ ಇಪ್ಪತ್ತಾರು ವರ್ಷ ಹೋತು. ನಿಮ್ಮೊಳಗ ಎಷ್ಟು ಮಂದಿಗೆ ಹಿಂಗ ಆಗೇದ ಅಂತ ನನಗ ಗೊತ್ತದ.

2014ರಾಗ ಮನಿಗೆ ಬಣ್ಣ ಹಚ್ಚಸಲಿಕ್ಕೆ ಅಟ್ಟಾ ಖಾಲಿ ಮಾಡಿದ್ವಿ. ತಂಬೂರಿ ನಾನ ಇಳಸ್ತೀನಿ ಅಂತ ಹೋಗಿ ಕೈ ಜಾರಿತು. ಬುರುಡಿ ಟಕ್ಕನ ಸೀಳಿತು. ಅವ್ವ ಹೋಗಿ ಮೂರು ವರ್ಷ ಆಗಿತ್ತು. ಆ ಹೊತ್ತಿಗೆ ಅಳಲಿಲ್ಲ. ರಾತ್ರಿ ಭಾಂಡಿ ತಿಕ್ಕುವಾಗ ಅತ್ತೆ.

ಹದಿನೈದು ದಿವಸಕ್ಕ ಅದನ್ನ ದುಪ್ಪಟಿಯೊಳಗ ಸುತ್ತಿಕೊಂಡು ಮತ್ತ ಮಿರಜಕ್ಕ ಹೋದೆ. ಓಣಿಯೊಳಗ ಒಬ್ರು ವಯಸ್ಸಾದವರು ಬುರುಡಿಗೆ ಬಟ್ಟಿಲೆ ಬಡದು ನೋಡಿ, ಅರ್ಧ ಮರಾಠಿ ಅರ್ಧ ಕನ್ನಡದಾಗ, "ಕಾಯಿ ಛಲೋ ಅದ, ಹೆದರಬ್ಯಾಡ್ರಿ" ಅಂದ್ರು. ಮುಖದ ಹಲಗಿ ಬಿಚ್ಚಿ ಒಳಗಿಂದ ಪಟ್ಟಿ ಅಂಟಿಸಿ ಕೂಡಿಸ್ತೀವಿ ಅಂದ್ರು. ಕೈಲೆ ಮಾಡಿದ್ದು ಕೈಲೆ ಬಿಚ್ಚಲಿಕ್ಕೆ ಬರ್ತದ, ಅದ ಅದರ ದೊಡ್ಡ ಗುಣ. ಆಮ್ಯಾಲೆ "ಯಾವ ಪಟ್ಟಿ?" ಅಂದ್ರು. "ಕಾಳಿ ಪಾಂಚ್" ಅಂದೆ. "ಸಾ ಹಚ್ರಿ" ಅಂದ್ರು. ಹಚ್ಚಿದೆ, ಧ್ವನಿ ಒಡೀತು. ಕಣ್ಣಾಗ ನೀರ ಬಂತು. ಅವರು ನನ್ನ ಮಾರಿ ನೋಡಲೇ ಇಲ್ಲ. ಪೇಟಿ ಮನಿ ಒಂದೊಂದ ಕೆಳಗ ಇಳಿಸ್ಕೋತ ಬಂದು, ಮೂರನೇ ಕರೀ ಮನಿಗೆ ನನ್ನ ಸಾ ನಿಂತಿತು. "ವಯಸ್ಸಿಗೆ ಎಲ್ಲಾರ ಧ್ವನಿ ಇಳೀತದ. ತಂತಿ ಸ್ವಲ್ಪ ದಪ್ಪ ಹಾಕಿ ಜವಾರಿ ಹೊಸಾದು ಮಾಡಿದ್ರ ಆತು" ಅಂದ್ರು. ಹಳೇ ಧ್ವನಿ ತಾ ಅಂತ ಅವರು ಕೇಳಲಿಲ್ಲ. ಈಗ ಇದ್ದ ಧ್ವನಿಗೆ ತಂಬೂರಿ ಹೊಂದಿಸಿ ಕೊಟ್ರು.

ಆಪ್ ಕೆಟ್ಟದ್ದಂತ ನಾನು ಅನ್ನೂದಿಲ್ಲ. ಪ್ರವಾಸಕ್ಕ ಹೋದಾಗ ನಾನೂ ಹಚ್ಚತೀನಿ. ಆದ್ರ ಅದು ಗುಂಡಿ ಒತ್ತಿದ್ರ ಸುರು, ಒತ್ತಿದ್ರ ಬಂದ್. ತಂಬೂರಿ ದಿನಾ ನನ್ನ ಕೈಲೆ ಶ್ರುತಿ ಮಾಡಿಸ್ಕೋತದ. ಬಿರಡಿ ತಿರುವಿ, ಮಣಿ ಸರಿಸಿ, ದಾರ ಎಳದು, ಕಿವಿ ಕೊಟ್ಟು ಕೂಡೂದರಾಗ ಹತ್ತು ನಿಮಿಷ. ಆ ಹತ್ತು ನಿಮಿಷ ನನ್ನನ್ನ ಯಾರೂ ಏನೂ ಕೇಳಂಗಿಲ್ಲ ಅಂತ ಮನ್ಯಾಗ ಎಲ್ಲಾರಿಗೂ ತಿಳದದ. ಕುಕ್ಕರ್ ಸೀಟಿ ಹೊಡದ್ರ ಅವರ ಬಂದ್ ಮಾಡ್ತಾರ.

ಮನ್ಯಾಗ ಹಳೇ ತಂಬೂರಿ ಇದ್ದವರಿಗೆ ಎರಡು ಮಾತು. ಬಾರಿಸದ ಇಡೂದಿದ್ರ ತಂತಿ ಸ್ವಲ್ಪ ಸಡಿಲ ಮಾಡಿ ಇಡ್ರಿ. ಬಿಸಿಲು, ಒಲಿ, ಹಸಿ ಗ್ವಾಡಿ ಹತ್ರ ಬ್ಯಾಡ. ಬುರುಡಿ ಕಾಯೀದು ಅನ್ನೂದು ನೆನಪಿರಲಿ, ಮ್ಯಾಲೆ ಗಂಟು ಹೇರಬ್ಯಾಡ್ರಿ. ಸೀಳಿದ್ದಕ್ಕ ಒಗೀಬ್ಯಾಡ್ರಿ, ಕೂಡ್ತದ.

ಆ ಹೊಸಾ ಸೊಸಿಗೆ ಮುಂದಿನ ಶುಕ್ರವಾರ ಸಂಜೀ ಮುಂದ ಬಾ ಅಂತ ಹೇಳೀನಿ. ಸಾಲ್ಯಾಗ ಇದ್ದಾಗ ಹಾಡ್ತಿದ್ಲಂತ. ಗವಸು ತಗದು ಇಟ್ಟಿರ್ತೀನಿ, ಆಕಿ ಪಟ್ಟಿ ಯಾವುದು ನೋಡೋಣ.