ಊರು ತೊಳೆಯೋ ತಾಯಿಗೆ ಶುಚಿತ್ವದ ಪಾಠ

ಸ್ವಲ್ಪ ಉದ್ದದ ಪೋಸ್ಟು ಇದು. ಟೀ ಕುಡೀತಾ ಓದಿ, ಆದ್ರೆ ಪೂರ್ತಿ ಓದಿ.

ಕಳೆದ ಮಳೆಗಾಲದಲ್ಲಿ ನಮ್ಮ ಸಂಘಟನೆಯ ಒಬ್ಬ ಪೌರಕಾರ್ಮಿಕ ತಾಯಿಯ ಜೊತೆ ಆಸ್ಪತ್ರೆಗೆ ಹೋಗಿದ್ದೆ. ಏಳು ವರ್ಷದ ಮಗುವಿಗೆ ರಕ್ತದ ಕ್ಯಾನ್ಸರ್. ಕೀಮೋ ನಡೀತಿತ್ತು. ಮಧ್ಯೆ ಭೇದಿ ಶುರುವಾಗಿ ಹತ್ತು ದಿನವಾದರೂ ನಿಲ್ಲಲಿಲ್ಲ. ತೂಕ ಇಳೀತು, ಮುಂದಿನ ಕೀಮೋ ಮುಂದಕ್ಕೆ ಹೋಯ್ತು. ಮೊದಲ ಮಲಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಎರಡನೇ ಸಲ ಬೇರೆ ಬಣ್ಣ ಹಾಕಿ ನೋಡಿದಾಗ ಸಿಕ್ತು: ಕ್ರಿಪ್ಟೋಸ್ಪೊರಿಡಿಯಂ. ಕಣ್ಣಿಗೆ ಕಾಣದ ಒಂದು ಕರುಳಿನ ಪರಾವಲಂಬಿ.

ವಾರ್ಡಿನಲ್ಲಿ ಒಬ್ಬರು ಆ ತಾಯಿಗೆ ಹೇಳಿದರು, "ಸ್ವಲ್ಪ ಕ್ಲೀನಾಗಿ ಇಟ್ಕೊಳ್ಳಮ್ಮ ಮಗೂನ."

ಅವಳು ಅಲ್ಲಿ ಮಾತಾಡಲಿಲ್ಲ. ವಾಪಸ್ ಬರ್ತಾ ಬಸ್ಸಲ್ಲಿ ಹೇಳಿದಳು, "ಅಕ್ಕಾ, ಬೆಳಗ್ಗೆ ಆರಕ್ಕೆಲ್ಲ ಇಂದಿರಾನಗರ ಗುಡಿಸ್ತೀನಿ. ಊರನ್ನೇ ಕ್ಲೀನ್ ಮಾಡೋಳು ನನ್ ಮಗೂನ ಗಲೀಜಾಗಿ ಇಡ್ತೀನಾ?"

ಅವಳಿಗೆ ನಾನು ಅವತ್ತು ಉತ್ತರ ಕೊಡಲಿಲ್ಲ. ಆ ಉತ್ತರ ನಮ್ಮ ಕಂಟೋನ್ಮೆಂಟಿನ ಚರಿತ್ರೆಯಲ್ಲಿದೆ. ಅದನ್ನೇ ಇಲ್ಲಿ ಬರೀತಿದ್ದೀನಿ.

1809ರಲ್ಲಿ ಬ್ರಿಟಿಷರು ಹಲಸೂರಿನ ಪಕ್ಕ ಕಂಟೋನ್ಮೆಂಟ್ ಕಟ್ಟಿದರು. ಸೈನ್ಯದ ಹಿಂದೆ ದುಡಿಯೋ ಜನ ಬಂದರು, ಅವರಲ್ಲಿ ಬಹಳ ಮಂದಿ ನಮ್ಮವರು. ತಮಿಳು, ತೆಲುಗು, ಕನ್ನಡ ಮಾತಾಡೋ ದಲಿತರು. ಬಂಗಲೆಗಳ ಹಿಂದೆ ಒಂದು ಸಣ್ಣ ಗಲ್ಲಿ ಇರ್ತಿತ್ತು, ಕನ್ಸರ್ವೆನ್ಸಿ ಗಲ್ಲಿ ಅಂತ. ಈಗಲೂ ಹಳೇ ಬಡಾವಣೆಗಳಲ್ಲಿ ನಡೆದರೆ ಕಾಣುತ್ತೆ. ಮುಂಬಾಗಿಲು ದೊರೆಗೆ, ಹಿಂದಿನ ಗಲ್ಲಿ ಮಲ ಹೊರೋರಿಗೆ. ನಮ್ಮಜ್ಜಿ ಆ ಗಲ್ಲಿಯಲ್ಲಿ ಬಕೆಟ್ ಹಿಡಿದು ನಡೆದವಳು. ನಗರದ ನಕ್ಷೆಯಲ್ಲೇ ಜಾತಿಯನ್ನ ಗೆರೆ ಎಳೆದು ತೋರಿಸಿದ್ದಾರೆ, ನೋಡೋ ಕಣ್ಣು ಬೇಕು ಅಷ್ಟೇ.

ಆಗ ನೀರು ಹೇಗಿತ್ತು? 1859ರಲ್ಲಿ ಭಾರತದ ಸೈನ್ಯದ ಆರೋಗ್ಯ ನೋಡೋಕೆ ಒಂದು ರಾಯಲ್ ಕಮಿಷನ್ ಮಾಡಿದರು. ಸೋಲ್ಜರುಗಳು ಯುದ್ಧಕ್ಕಿಂತ ಹೆಚ್ಚಾಗಿ ಕಾಯಿಲೆಯಿಂದ ಸಾಯ್ತಿದ್ದರು. ವರದಿ ಬಂದದ್ದು 1863ರಲ್ಲಿ. ಆ ದಾಖಲೆಗಳನ್ನ ಓದಿ ಟಿಪ್ಪಣಿ ಬರೆದವರು ಫ್ಲಾರೆನ್ಸ್ ನೈಟಿಂಗೇಲ್. ನಮ್ಮ ಹಲಸೂರು ಕೆರೆಯ ವಿಷಯವೂ ಅದರಲ್ಲಿದೆ: ಬಜಾರಿನ ಕೊಳಚೆ ಹೋಗಿ ಸೇರೋದು ಆ ಕೆರೆಗೆ, ಕುಡಿಯೋದೂ ಅದೇ ನೀರನ್ನ. ಕೊಳಚೆಯ ದಾರಿ ಆಳೋರಿಗೆ ಗೊತ್ತೇ ಇರಲಿಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. 1863ರಲ್ಲೇ ಗೊತ್ತಿತ್ತು.

ಆಮೇಲೆ ಒಂದೊಂದೇ ಕೆಲಸ ಆಯ್ತು. 1882ರಲ್ಲಿ ಕಂಟೋನ್ಮೆಂಟಿನ ನೀರಿಗಾಗಿ ಸ್ಯಾಂಕಿ ಕೆರೆ ಕಟ್ಟಿದರು. 1895ರಲ್ಲಿ ಇಲ್ಲಿ ಕಾಲರಾ ಬಂದಾಗ ಅದನ್ನ ತಡೆಯೋಕೆ ಕಳಿಸಿದ್ದು ರೊನಾಲ್ಡ್ ರಾಸ್‌ನನ್ನ, ಮುಂದೆ ಮಲೇರಿಯಾ ಕೆಲಸಕ್ಕೆ ನೊಬೆಲ್ ಪಡೆದನಲ್ಲ, ಅವನೇ. 1896ರಲ್ಲಿ ಹೆಸರಘಟ್ಟದಿಂದ ಪೈಪಲ್ಲಿ ನೀರು ಬಂತು. 1898ರಲ್ಲಿ ಪ್ಲೇಗು ಬಂತು. ಅದಾದ ಮೇಲೆ ಗಾಳಿ ಬೆಳಕು ಇರೋ ಹೊಸ ಬಡಾವಣೆಗಳು ಎದ್ದವು. ಬ್ಲಾಕ್‌ಪಳ್ಳಿ, ಅಂದ್ರೆ ಈಗಿನ ಶಿವಾಜಿನಗರದ ಕಡೆಯ ಇಕ್ಕಟ್ಟಿನಿಂದ ಹೊರಗೆ ಫ್ರೇಜರ್ ಟೌನ್ ಆಯ್ತು. ದುಡಿಯೋ ಜನಕ್ಕೂ ಮನೆ ಕಟ್ಟಿದರು, ಸುಳ್ಳು ಹೇಳಬಾರದು. ನಾನು ಬೆಳೆದ ಮರ್ಫಿ ಟೌನ್, ಹಳೇ ಹೆಸರು ನಾಕ್ಸ್‌ಪೇಟೆ, ಹಾಗೆ ಆದದ್ದು. ಆದ್ರೆ ಮನೆಯೊಳಗೆ ನಲ್ಲಿ, ಮನೆಯೊಳಗೆ ಕಕ್ಕಸು ಅನ್ನೋದು ಕಾಸಿದ್ದೋರಿಗೆ ಮೊದಲು. ನಮಗೆ ಬೀದಿ ನಲ್ಲಿ, ಕ್ಯೂ, ಕೊಡದ ಜಗಳ.

ಮಲ ಹೊರೋದು? ಅದು ಸ್ವಾತಂತ್ರ್ಯ ಬಂದ್ಮೇಲೂ ನಿಲ್ಲಲಿಲ್ಲ. ತಲೆ ಮೇಲೆ ಮಲ ಹೊರೋದನ್ನ ಕರ್ನಾಟಕದಲ್ಲಿ ನಿಷೇಧ ಮಾಡಿದ್ದು 1970ರ ದಶಕದಲ್ಲಿ, ಅರಸು ಸಂಪುಟದಲ್ಲಿದ್ದ ನಮ್ಮ ಬಿ. ಬಸವಲಿಂಗಪ್ಪನವರು. ಕೇಂದ್ರದ ಕಾನೂನು ಬಂದದ್ದು 1993ರಲ್ಲಿ, ಮತ್ತೆ 2013ರಲ್ಲಿ. ಆದ್ರೂ 2017ರ ಮಾರ್ಚ್‌ನಲ್ಲಿ ಇದೇ ಪೂರ್ವ ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿ ಮ್ಯಾನ್‌ಹೋಲ್ ಒಳಗೆ ಮೂರು ಜೀವ ಹೋಯ್ತು.

ಈಗ ಮಗುವಿನ ವಿಷಯಕ್ಕೆ ವಾಪಸ್ ಬರೋಣ, ಯಾಕಂದ್ರೆ ಎರಡೂ ಒಂದೇ ಕಥೆ.

ಕರುಳಿನ ಪರಾವಲಂಬಿಗಳು ಅಂದ್ರೆ ಜಂತುಹುಳ, ಕೊಕ್ಕೆಹುಳ, ಅಮೀಬಾ, ಗಿಯಾರ್ಡಿಯಾ, ಈ ಕ್ರಿಪ್ಟೋಸ್ಪೊರಿಡಿಯಂ. ಬಹುತೇಕ ಎಲ್ಲದರ ದಾರಿ ಒಂದೇ: ಒಬ್ಬರ ಮಲ ಇನ್ನೊಬ್ಬರ ನೀರಿಗೆ, ಅನ್ನಕ್ಕೆ, ಕೈಗೆ, ಬರಿಗಾಲಿಗೆ ಸೇರೋದು. ಆರೋಗ್ಯವಾಗಿರೋ ಮಗುವಿಗೆ ಕ್ರಿಪ್ಟೋಸ್ಪೊರಿಡಿಯಂ ಬಂದರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ದೇಹವೇ ಓಡಿಸುತ್ತೆ. ಕೀಮೋದಿಂದ ಬಿಳಿ ರಕ್ತಕಣ ಕುಸಿದಿರೋ ಮಗುವಿಗೆ ಆ ಕಾವಲೇ ಇರಲ್ಲ. ಭೇದಿ ನಿಲ್ಲಲ್ಲ, ನೀರಿನಂಶ ಹೋಗುತ್ತೆ, ಕೀಮೋ ತಡವಾಗುತ್ತೆ. ಕೀಮೋ ತಡವಾದರೆ ಕ್ಯಾನ್ಸರಿಗೆ ಲಾಭ.

ಇನ್ನೊಂದು ಹುಳ ಇದೆ, ಸ್ಟ್ರಾಂಜಿಲಾಯ್ಡಿಸ್ ಅಂತ. ಗಲೀಜು ಮಣ್ಣಲ್ಲಿ ಬರಿಗಾಲಲ್ಲಿ ನಡೆದಾಗ ಚರ್ಮದ ಮೂಲಕ ಒಳಗೆ ಹೋಗುತ್ತೆ. ವರ್ಷಗಟ್ಟಲೆ ಸುಮ್ಮನೆ ಕೂತಿರುತ್ತೆ. ರಕ್ತದ ಕ್ಯಾನ್ಸರಿಗೆ ಕೊಡೋ ಸ್ಟೀರಾಯ್ಡ್ ಶುರುವಾದಾಗ ಅದು ದೇಹದ ತುಂಬ ಹರಡಿ ಜೀವಕ್ಕೇ ಕುತ್ತು ತರಬಹುದು.

"ಶಾಲೆಯಲ್ಲಿ ಹುಳದ ಮಾತ್ರೆ ಕೊಡ್ತಾರಲ್ಲ?" ಅಂತ ಕೇಳ್ತೀರಿ. ಕೊಡ್ತಾರೆ, 2015ರಿಂದ, ಒಳ್ಳೇದೇ. ಆದ್ರೆ ಆ ಒಂದು ಆಲ್ಬೆಂಡಜೋಲ್ ಮಾತ್ರೆ ಜಂತುಹುಳಕ್ಕೆ ಚೆನ್ನಾಗಿ ಕೆಲಸ ಮಾಡುತ್ತೆ. ಸ್ಟ್ರಾಂಜಿಲಾಯ್ಡಿಸ್‌ಗೆ ಸಾಲಲ್ಲ, ಕ್ರಿಪ್ಟೋಸ್ಪೊರಿಡಿಯಂಗೆ ಏನೂ ಮಾಡಲ್ಲ. ನೀರಿಗೆ ಹಾಕೋ ಕ್ಲೋರಿನ್ನಿಗೂ ಇದು ಸುಲಭಕ್ಕೆ ಸಾಯಲ್ಲ. ಕುದಿಸಿದರೆ ಸಾಯುತ್ತೆ.

1993ರಲ್ಲಿ ಅಮೆರಿಕದ ಮಿಲ್ವಾಕೀ ಅನ್ನೋ ಊರಲ್ಲಿ ಇದೇ ಕ್ರಿಪ್ಟೋಸ್ಪೊರಿಡಿಯಂ ನಲ್ಲಿ ನೀರಿಗೆ ಸೇರಿ ಸುಮಾರು 4 ಲಕ್ಷ ಜನಕ್ಕೆ ಕಾಯಿಲೆ ಬಂತು. ಸತ್ತವರಲ್ಲಿ ಹೆಚ್ಚಿನವರು ಎಚ್‌ಐವಿಯಿಂದ ರೋಗನಿರೋಧಕ ಶಕ್ತಿ ಕಳ್ಕೊಂಡಿದ್ದವರು. ಆ ಊರು ಏನು ಮಾಡ್ತು? ತಾಯಂದಿರಿಗೆ ಶುಚಿತ್ವದ ಪಾಠ ಹೇಳಿ ಮುಗಿಸಲಿಲ್ಲ. ನೀರು ಸೋಸೋ ಘಟಕವನ್ನೇ ರಿಪೇರಿ ಮಾಡ್ತು. ಅಲ್ಲಿ ತಪ್ಪು ಪೈಪಿನದು. ಇಲ್ಲಿ ತಪ್ಪು ತಾಯಿಯದು. ಯಾಕೆ?

ಆ ತಾಯಿ ಇರೋದು ಕೆ.ಆರ್. ಪುರದ ಆಚೆ ಒಂದು ವಠಾರದಲ್ಲಿ. ಒಂಬತ್ತು ಮನೆಗೆ ಎರಡು ಕಕ್ಕಸು. ನೀರು ಟ್ಯಾಂಕರಿಂದ ಸಂಪಿಗೆ, ಸಂಪಿನಿಂದ ಬಕೆಟ್ಟಿಗೆ. ಮಳೆ ಬಂದರೆ ಚರಂಡಿ ಉಕ್ಕಿ ಸಂಪಿನ ಮುಚ್ಚಳದ ತನಕ ಬರುತ್ತೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಒಣಗಿದಾಗ ಇಡೀ ದೇಶ ಬೆಂಗಳೂರಿನ ನೀರಿನ ಬಗ್ಗೆ ಮಾತಾಡ್ತು. ಅಪಾರ್ಟ್‌ಮೆಂಟಿನೋರಿಗೆ ಅದು ಹೊಸ ಸುದ್ದಿ, ನಮ್ಮೋರಿಗೆ ಪ್ರತಿ ಬೇಸಿಗೆ. ಬಾಬಾಸಾಹೇಬರು 1927ರಲ್ಲಿ ಮಹಾಡದ ಚವದಾರ್ ಕೆರೆಗೆ ಇಳಿದು ನೀರು ಕುಡಿದದ್ದು ಬಾಯಾರಿಕೆಗಲ್ಲ, ಹಕ್ಕಿಗೆ. ಆ ಹಕ್ಕು ಇನ್ನೂ ಆ ವಠಾರಕ್ಕೆ ತಲುಪಿಲ್ಲ.

ಹಾಗಂತ ಶುಚಿತ್ವ ಬೇಡ ಅಂತ ನಾನು ಹೇಳ್ತಿಲ್ಲ. ಮಗು ಕಾಯಿಲೆ ಮಲಗಿದಾಗ ಚರಿತ್ರೆ ಸರಿಯಾಗೋ ತನಕ ಕಾಯೋಕಾಗಲ್ಲ. ನಮ್ಮ ಓಣಿಯಲ್ಲಿ ಕ್ಯಾನ್ಸರ್ ಚಿಕಿತ್ಸೆ ತಗೊಳ್ತಿರೋ ಮಗು ಇದ್ದರೆ ಇಷ್ಟು ನೋಡ್ಕೊಳ್ಳಿ. ಕುಡಿಯೋ ನೀರು ಗುಳು ಗುಳು ಅಂತ ಕುದಿಸಿ ಆರಿಸಿ. ಕಕ್ಕಸಿಗೆ ಹೋಗಿ ಬಂದ್ಮೇಲೆ, ಅನ್ನ ಮುಟ್ಟೋ ಮುಂಚೆ ಮನೆಯೋರೆಲ್ಲ ಸೋಪಲ್ಲಿ ಕೈ ತೊಳೀರಿ. ಮಗು ಚಪ್ಪಲಿ ಹಾಕಲಿ. ಹಸಿ ಸೊಪ್ಪು, ಬೀದಿ ಬದಿ ಕೊಯ್ದಿಟ್ಟ ಹಣ್ಣು ಬೇಡ. ಭೇದಿ ಶುರುವಾದ್ರೆ ಅದೇ ದಿನ ಡಾಕ್ಟರಿಗೆ ಹೇಳಿ, ಮೆಡಿಕಲ್ ಶಾಪಿನ ಮಾತ್ರೆ ನೀವೇ ಕೊಡಬೇಡಿ. ಒಂದು ಪರೀಕ್ಷೆಯಲ್ಲಿ ಸಿಗದಿದ್ದರೆ "ಇನ್ನೊಂದ್ಸಲ ನೋಡ್ತೀರಾ? ಕ್ರಿಪ್ಟೋಗೆ ಬೇರೆ ಪರೀಕ್ಷೆ ಇದೆಯಲ್ಲ?" ಅಂತ ಕೇಳಿ. ಸ್ಟೀರಾಯ್ಡ್ ಶುರು ಮಾಡೋ ಮುಂಚೆ ಹುಳದ ಪರೀಕ್ಷೆ ಬೇಕಾ ಅಂತ ಕೇಳಿ. ಕೇಳೋದು ನಿಮ್ಮ ಹಕ್ಕು.

ನಮ್ಮ ಸಂಘಟನೆಗಳೂ ಕೇಳಬೇಕು. ಪೌರಕಾರ್ಮಿಕರ ಕಾಯಂ ನೌಕರಿಗೆ 2022ರಲ್ಲಿ ಫ್ರೀಡಂ ಪಾರ್ಕಲ್ಲಿ ಕೂತ ಹಾಗೇ, ಅವರ ವಠಾರದ ನಲ್ಲಿಗೂ ಒಳಚರಂಡಿಗೂ ಕೂರಬೇಕು. ಚಿಕಿತ್ಸೆಗೆ ಉಚಿತ ಕಾರ್ಡ್ ಇದ್ದರೆ ಸಾಲಲ್ಲ. ಆಸ್ಪತ್ರೆಯಲ್ಲಿ ಲಕ್ಷಗಟ್ಟಲೆ ಔಷಧ ಕೊಟ್ಟು ಉಳಿಸಿದ ಮಗುವನ್ನ ಕೊಳಚೆ ಸಂಪಿಗೆ ವಾಪಸ್ ಕಳಿಸಿದರೆ ಅದು ಯಾವ ಚಿಕಿತ್ಸೆ?

ಆ ಮಗುವಿನ ಭೇದಿ ಮೂರು ವಾರಕ್ಕೆ ನಿಂತಿತು. ಕೀಮೋ ಮತ್ತೆ ಶುರುವಾಗಿದೆ. ತಾಯಿ ಈಗ ಬೆಳಗ್ಗೆ ನಾಲ್ಕಕ್ಕೆ ಎದ್ದು ಎರಡು ಪಾತ್ರೆ ನೀರು ಕುದಿಸಿಟ್ಟು, ಆಮೇಲೆ ಇಂದಿರಾನಗರ ಗುಡಿಸೋಕೆ ಹೋಗ್ತಾಳೆ. ಗ್ಯಾಸ್ ಬೇಗ ಮುಗಿಯುತ್ತೆ ಅಂತಾಳೆ.

ಮುಂದಿನ ಸಲ ಯಾರಾದ್ರೂ ನಮ್ಮ ತಾಯಂದಿರಿಗೆ "ಕ್ಲೀನಾಗಿರಿ" ಅಂದಾಗ, ಮೊದಲು ಕೇಳಿ: ನಿಮ್ಮ ಬೀದಿ ಕ್ಲೀನಾಗಿರೋದು ಯಾರಿಂದ?

ಜೈ ಭೀಮ್.