ಕಾದಂಬರಿ ಅನ್ನೋದು ಒಬ್ಬ ಹುಡುಗಿ ಹೆಸರು! (ಭಾಗ 4)

ಫೋಟೋದಲ್ಲಿರೋದು ಸಾವನದುರ್ಗದ ಕರಿಗುಡ್ಡ. ಬ್ಯಾಗಲ್ಲಿ ಕಾಸ್ಟ್ ಅಕೌಂಟಿಂಗ್, ಅದರ ಕೆಳಗೆ ಒಂದು ಫ್ಯಾಂಟಸಿ ಲವ್ ಸ್ಟೋರಿ. ಹೋದ ಸೆಮ್‌ನಲ್ಲಿ ಒಂದು ಪೇಪರ್ ಹೋಯ್ತು. "ಆ ಮಾಯಾಮಂತ್ರದ ಪುಸ್ತಕಗಳಿಂದಲೇ ಹಿಂಗಾಗಿದ್ದು, ಅವೆಲ್ಲ ನಮ್ಮೋರು ಓದೋವಲ್ಲ" ಅಂದ್ರು ಅಪ್ಪ.

ನಮ್ಮೋರು ಓದೋವಲ್ವಾ? ನಾವೆಲ್‌ಗೆ ನಾವು ‘ಕಾದಂಬರಿ’ ಅಂತೀವಲ್ಲ, ಅವಳು ಒಬ್ಬ ಗಂಧರ್ವ ರಾಜಕುಮಾರಿ. 7ನೇ ಶತಮಾನದಲ್ಲಿ, ಹರ್ಷವರ್ಧನನ ಆಸ್ಥಾನದಲ್ಲಿದ್ದ ಬಾಣಭಟ್ಟ ಸಂಸ್ಕೃತದಲ್ಲಿ ಬರೆದ ಪ್ರೇಮಕಥೆಯ ನಾಯಕಿ. ಕಥೆ ಮುಗಿಯೋ ಮೊದಲೇ ಬಾಣ ತೀರಿಕೊಂಡ, ಉಳಿದದ್ದನ್ನ ಮಗ ಬರೆದ. ಸುಮಾರು ಸಾವಿರ ವರ್ಷದ ಹಿಂದೆ ನಾಗವರ್ಮ ಅದನ್ನ ಚಂಪೂ ರೂಪದಲ್ಲಿ ಕನ್ನಡಕ್ಕೆ ತಂದ. ಅದೇ ‘ಕರ್ಣಾಟಕ ಕಾದಂಬರಿ’.

ಕಥೆ ಕೇಳಿ. ಶಾಪ ಇದೆ, ಮಾತಾಡೋ ಗಿಳಿ ಇದೆ. ನಾಯಕ ಚಂದ್ರಾಪೀಡ ಸತ್ತೇ ಹೋಗ್ತಾನೆ, ಆದ್ರೆ ದೇಹ ಕೆಡಲ್ಲ. ಕಾದಂಬರಿ ಅದನ್ನ ಕಾಯ್ತಾ ಕೂರ್ತಾಳೆ. ಅತ್ತ ಅವನು ಶೂದ್ರಕ ಅನ್ನೋ ರಾಜನಾಗಿ ಹುಟ್ಟಿ, ಗಿಳಿ ಬಾಯಲ್ಲಿ ತನ್ನದೇ ಹಳೇ ಕಥೆ ಕೇಳ್ತಾನೆ. ಕೊನೆಗೆ ಇತ್ತ ಚಂದ್ರಾಪೀಡ ಎದ್ದು ಕೂರ್ತಾನೆ!

ಪ್ರೀತಿ, ಮಾಯೆ, ಎರಡನೇ ಅವಕಾಶ, ಮೂರೂ ಇವೆ. ಮುಂದೆ ಇಂಗ್ಲಿಷ್‌ನ ನಾವೆಲ್ ನಮ್ಮಲ್ಲಿಗೆ ಬಂದಾಗ, ಕನ್ನಡದವರು ಮರಾಠಿಯವರ ಹಾಗೆ ಇವಳ ಹೆಸರನ್ನೇ ಅದಕ್ಕಿಟ್ಟರು. ಇವತ್ತು ಎಷ್ಟೇ ಗಂಭೀರವಾದ ಕಾದಂಬರಿ ಬರೆದರೂ ಅದರ ಮೇಲೆ ಇರೋದು ಈ ಪ್ರೇಮಕಥೆಯ ಹುಡುಗಿ ಹೆಸರೇ.

ಅಪ್ಪನಿಗೆ ಇದನ್ನ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಆ ಗಿಳಿ ಆಮೇಲೆ ಏನಾಯ್ತು?" ಅಂದ್ರು.

ಹೋದ ಪೇಪರ್‌ಗೆ ಮತ್ತೆ ಫೀಸ್ ಕಟ್ಟಿದೀನಿ. ನನಗೂ ಎರಡನೇ ಅವಕಾಶ. ಮೊದಲು ಕಾಸ್ಟಿಂಗ್, ಆಮೇಲೆ ಕಾದಂಬರಿ.

ನಿಮ್ಮ ಬ್ಯಾಗಲ್ಲಿ ಬಚ್ಚಿಟ್ಟಿರೋ ಪುಸ್ತಕ ಯಾವುದು? ಕಾಮೆಂಟ್ ಮಾಡಿ.