ತಿಂಗಳ ಜೀವನಾಂಶ, ವರ್ಷದ ಬಿಲ್ಲು

ಈ ಹಂಗಾಮಿನಲ್ಲಿ ಮೂರು ಜನ ನನ್ನ ಟೇಬಲ್ಲಿನ ಮುಂದೆ ಕೂತು ಒಂದೇ ಪ್ರಶ್ನೆ ಕೇಳಿದ್ದಾರೆ. ಒಬ್ಬರು ಸಮೀರವಾಡಿಯ ಸಕ್ಕರೆ ಕಾರ್ಖಾನೆ ಕಾಲೋನಿಯವರು, ಒಬ್ಬರು ಬನಹಟ್ಟಿಯ ನೇಕಾರರು, ಮತ್ತೊಬ್ಬರು ಮುಧೋಳ ಕಡೆಯ ಕಬ್ಬಿನ ರೈತರು. "ವಕೀಲ್‌ ಸಾಹೇಬ್ರ, ಮಗು ಆರು ತಿಂಗಳು ನನ್ನ ಕಡೆ, ಆರು ತಿಂಗಳು ಆಕಿ ಕಡೆ ಅಂತ ಬರಕೊಂಡ್ರ ಜೀವನಾಂಶ ಕೊಡೂದು ತಪ್ಪತದ ಹೌದಿಲ್ಲೋ?" ಮೊಬೈಲಿನ ವಿಡಿಯೊದಲ್ಲಿ ಯಾರೋ ಹಾಗೆ ಹೇಳಿದ್ದಾರಂತೆ. ತಪ್ಪುವುದಿಲ್ಲ ಎಂದರೆ ಮೂವರ ಮುಖವೂ ಸಪ್ಪಗಾಯಿತು. ಜಂಟಿ ಪಾಲನೆ ಎಂಬ ಒಳ್ಳೆಯ ವಿಚಾರ ನಮ್ಮ ಭಾಗಕ್ಕೆ ಜೀವನಾಂಶ ತಪ್ಪಿಸುವ ಉಪಾಯವಾಗಿ ಬಂದು ಮುಟ್ಟಿದೆ. ಮಕ್ಕಳ ಪಾಲನೆಯ ಕಾನೂನು ಯಾವ ದಾರಿಯಿಂದ ಬಂತು, ದುಡ್ಡಿನ ಲೆಕ್ಕಕ್ಕೆ ಬಂದಾಗ ಎಲ್ಲಿ ನಿಂತುಬಿಟ್ಟಿತು ಎಂದು ಬರೆಯಬೇಕೆನಿಸಿದ್ದು ಅದಕ್ಕೇ.

ಹಳೆಯದನ್ನು ಬೇಗ ಮುಗಿಸುತ್ತೇನೆ. ನಮ್ಮಲ್ಲಿ ಹಲವು ಸಮುದಾಯಗಳಿಗೆ ಕಾಯ್ದೆಗಿಂತ ಮೊದಲೇ ಸೋಡಚೀಟಿ, ಅಂದರೆ ವಿಚ್ಛೇದನ ಪತ್ರ, ಇತ್ತು. ದೈವದವರು (ಸಮುದಾಯದ ಹಿರಿಯರು) ಕೂತು ಬಿಡುಗಡೆ ಮಾಡಿಸುತ್ತಿದ್ದರು. ತಾಯಿ ಉಡಿಕೆಯಾಗಿ (ಮರುಮದುವೆಯಾಗಿ) ಹೋದರೆ ಮಕ್ಕಳು ತಂದೆಯ ಮನೆಯಲ್ಲೇ ಉಳಿಯುವುದು ಸಾಮಾನ್ಯವಾಗಿತ್ತು. 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ಈ ರೂಢಿಯನ್ನು ಮುಟ್ಟಲಿಲ್ಲ. ಆದರೆ ಮಕ್ಕಳ ಅನ್ನ, ಬಟ್ಟೆ, ಫೀಯ ಲೆಕ್ಕ ಬರೆದ ಸೋಡಚೀಟಿಯನ್ನು ನಾನಂತೂ ಕಂಡಿಲ್ಲ. ಬ್ರಿಟಿಷರು 1890ರಲ್ಲಿ ಮಾಡಿದ ಪಾಲಕರು ಮತ್ತು ಪಾಲ್ಯರ ಕಾಯ್ದೆ ಇಂದಿಗೂ ನಡೆಯುತ್ತಿದೆ. ಜಮಖಂಡಿ, ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದವು, ಅರಸರು ಹೋದರು, ಈ ಕಾಯ್ದೆ ಉಳಿಯಿತು. 1956ರ ಹಿಂದೂ ಅಪ್ರಾಪ್ತ ವಯಸ್ಕರ ಕಾಯ್ದೆ ತಂದೆಯೇ ಸಹಜ ಪಾಲಕ, ಅವನ 'ನಂತರ' ತಾಯಿ ಎಂದಿತು. ಐದು ವರ್ಷದೊಳಗಿನ ಕೂಸು ಸಾಮಾನ್ಯವಾಗಿ ತಾಯಿಯ ಬಳಿ ಇರಲಿ ಎಂದು ಒಂದು ಸಾಲು ಕೂಡಿಸಿತು. ಸಹಿ ತಂದೆಯದು, ಆರೈಕೆ ತಾಯಿಯದು. ನಮ್ಮ ಹೊಲಗಳ ಹಳೆಯ ಉತಾರಗಳಲ್ಲಿ ಮಗುವಿನ ಹೆಸರಿನ ಪಕ್ಕ 'ಅಪಾಕ (ಅಜ್ಞಾನ ಪಾಲನಕರ್ತ) ತಂದೆ' ಎಂದು ಕಾಣುವುದೂ ಇದೇ ವಿಚಾರದ ನೆರಳು.

ಆ 'ನಂತರ' ಎಂಬ ಶಬ್ದವನ್ನು ಅಲುಗಾಡಿಸಿದ್ದು ಲೇಖಕಿ ಗೀತಾ ಹರಿಹರನ್. ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳಲು ಹೋದರೆ ಬ್ಯಾಂಕು ತಂದೆಯ ಸಹಿ ಕೇಳಿತು. ತಂದೆ ಮಗುವಿನ ಹೊಣೆಯಿಂದ ದೂರ ಉಳಿದಾಗಲೂ ತಾಯಿ ಪಾಲಕಳೇ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿತು. ಇದನ್ನು ಸ್ತ್ರೀಹಕ್ಕಿನ ತೀರ್ಪು ಎಂದು ಎಲ್ಲರೂ ಓದುತ್ತಾರೆ. ನನಗೆ ಅದು ಮೊದಲಿಗೆ ದುಡ್ಡಿನ ತೀರ್ಪು. ಮಗುವಿನ ಹೆಸರಿನಲ್ಲಿ ಇಟ್ಟ ಹಣಕ್ಕೆ ಸಹಿ ಯಾರದು ಎಂಬಲ್ಲಿಂದಲೇ ಜಗಳ ಹುಟ್ಟಿತ್ತು.

ನಾನು ಕರಿಕೋಟು ಹಾಕಿದ ಕಾಲಕ್ಕೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಕೊಡಿಸುವಂತಿರಲಿಲ್ಲ. ಆ ಮಿತಿ ಹೋದದ್ದು 2001ರಲ್ಲಿ. ಹೈಕೋರ್ಟಿಗೆ ಹೋಗಬೇಕೆಂದರೆ ರಾತ್ರಿ ಬಸ್ಸಿಗೆ ಬೆಂಗಳೂರು. ಮಗುವಿನ ಭೇಟಿಗಾಗಿ ಮೇಲ್ಮನವಿ ಹಾಕಿದ ತಂದೆ, ಒಂದು ಭೇಟಿಗೆ ಆಗುವಷ್ಟು ಖರ್ಚನ್ನು ಒಂದು ತಾರೀಖಿಗೆ ಮಾಡುತ್ತಿದ್ದ. 2008ರಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಅಷ್ಟರಲ್ಲಿ ಬೆಂಗಳೂರಿನಲ್ಲಿ 2007ರಿಂದ ಮಧ್ಯಸ್ಥಿಕೆ ಕೇಂದ್ರ ನಡೆದಿತ್ತು. ಅದರ ಪದ್ಧತಿ ಜಿಲ್ಲೆಗಳಿಗೂ ಇಳಿಯಿತು. ನಮ್ಮ ತಲೆಮಾರಿನ ವಕೀಲರು ಈ ಕ್ಷೇತ್ರಕ್ಕೆ ಏನಾದರೂ ಕೊಟ್ಟಿದ್ದರೆ ಅದು ಇಲ್ಲಿ, ರಾಜಿ ಪತ್ರದಲ್ಲಿ. ಮೊದಲೆಲ್ಲ 'ಎರಡನೇ ಮತ್ತು ನಾಲ್ಕನೇ ಶನಿವಾರ ನ್ಯಾಯಾಲಯದ ಆವರಣದಲ್ಲಿ ಭೇಟಿ' ಎಂದು ಒಂದೇ ಸಾಲು ಬರೆಯುತ್ತಿದ್ದರು. ಕೋರ್ಟಿನ ಬೇವಿನ ಗಿಡದ ಕೆಳಗೆ, ಪೊಲೀಸರು ಕೋಳದ ಆರೋಪಿಗಳನ್ನು ಕೂಡಿಸಿಕೊಂಡ ಕಟ್ಟೆಯ ಪಕ್ಕದಲ್ಲಿ, ಬಿಸ್ಕೀಟಿನ ಪುಡಿಕೆ ಹಿಡಿದು ಮಗಳನ್ನು ಕಾಯುವ ತಂದೆಯರನ್ನು ನಾವು ನೋಡಿದ್ದೇವೆ. ಅಲ್ಲಿಂದ ನಾವು ಊರಿನ ಜಾತ್ರೆಯ ಎರಡು ದಿನ, ಕಾರಹುಣ್ಣಿಮೆ, ದಸರಾ ರಜೆಯ ಅರ್ಧ, ಬೇಸಿಗೆಯ ಅರ್ಧ, ರಾತ್ರಿ ಎಂಟಕ್ಕೆ ಫೋನು ಎಂದು ಬಿಡಿಸಿ ಬರೆಯತೊಡಗಿದೆವು. ಶಾಲೆ ಮಾತ್ರ ಬದಲಾಗಬಾರದು ಎಂಬುದು ನಮ್ಮ ಹಟವಾಗಿತ್ತು, ಈಗಲೂ ಇದೆ.

2013ರಲ್ಲಿ ಕರ್ನಾಟಕ ಹೈಕೋರ್ಟಿನ ದ್ವಿಸದಸ್ಯ ಪೀಠ ಕೊಟ್ಟ ತೀರ್ಪು ಈಗ ವಿಡಿಯೊದವರ ಬಾಯಲ್ಲಿದೆ. ಜನವರಿ 1ರಿಂದ ಜೂನ್ 30ರವರೆಗೆ ಮಗ ತಂದೆಯ ಬಳಿ, ಜುಲೈ 1ರಿಂದ ಡಿಸೆಂಬರ್ 31ರವರೆಗೆ ತಾಯಿಯ ಬಳಿ. ಇನ್ನೊಬ್ಬರಿಗೆ ಶನಿವಾರ, ಭಾನುವಾರದ ಭೇಟಿ. ಶಿಕ್ಷಣ ಮತ್ತಿತರ ಖರ್ಚು ಸರಿಪಾಲು. ದಿಟ್ಟ ತೀರ್ಪು ಹೌದು. 2015ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಎ.ಪಿ. ಶಾ ಅಧ್ಯಕ್ಷತೆಯ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ಜಂಟಿ ಪಾಲನೆಯನ್ನು ಕಾಯ್ದೆಗೆ ಸೇರಿಸಿ ಎಂದು ಶಿಫಾರಸು ಮಾಡಿದಾಗ ಈ ತೀರ್ಪನ್ನೂ ಎತ್ತಿ ತೋರಿಸಿತು. ಆದರೆ ಜುಲೈ ಒಂದಕ್ಕೆ ಮಗುವನ್ನು ಬದಲಿಸುವುದೆಂದರೆ ಶಾಲೆ ತೆರೆದು ತಿಂಗಳಾಗಿರುತ್ತದೆ. ಒಂದೇ ಊರಿನ ಎರಡು ಮನೆಯಾದರೆ ಸರಿ. ತಂದೆ ಸಮೀರವಾಡಿಯಲ್ಲಿ, ತಾಯಿ ತವರೂರು, ಮಹಾರಾಷ್ಟ್ರದ ಜತ್ತದಲ್ಲಿ ಇದ್ದರೆ ಮಗು ವರ್ಷಕ್ಕೆ ಎರಡು ಸಲ ಕನ್ನಡದಿಂದ ಮರಾಠಿಗೆ ಟಿಸಿ ಒಯ್ಯಬೇಕೇನು? ಇನ್ನು ಖರ್ಚು ಸರಿಪಾಲು ಎಂಬುದು ಇಬ್ಬರ ಗಳಿಕೆ ಹೆಚ್ಚುಕಡಿಮೆ ಒಂದೇ ಇದ್ದವರಿಗೆ ಒಪ್ಪುವ ಮಾತು. ಮಗ್ಗದ ಕೂಲಿಯ ತಾಯಿಗೂ ಹತ್ತೆಕರೆ ಕಬ್ಬಿನ ತಂದೆಗೂ ಸರಿಪಾಲು ಹಾಕಿದರೆ ಅದು ಸರಿಯೂ ಅಲ್ಲ, ಪಾಲೂ ಅಲ್ಲ. ಆಸ್ಟ್ರೇಲಿಯಾದಲ್ಲಿ ಮಗು ವರ್ಷಕ್ಕೆ ಎಷ್ಟು ರಾತ್ರಿ ಯಾರ ಮನೆಯಲ್ಲಿ ಮಲಗಿತು ಎಂದು ಎಣಿಸಿ, ಇಬ್ಬರ ಆದಾಯವನ್ನೂ ಕೂಡಿಸಿ ಮಗುವಿನ ಹಣ ಲೆಕ್ಕ ಹಾಕುತ್ತಾರೆ. ರಾತ್ರಿಗಳು ಸಮ ಇದ್ದರೂ ಸಾಮಾನ್ಯವಾಗಿ ಹೆಚ್ಚು ಗಳಿಸುವವರ ಕೈಯಿಂದಲೇ ಹಣ ಹೋಗುತ್ತದೆ. ನಮ್ಮಲ್ಲಿ ಅಂಥ ಕೋಷ್ಟಕ ಇಲ್ಲ. 2017ರಲ್ಲಿ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೆಂಡತಿಗೆ ಗಂಡನ ನಿವ್ವಳ ಸಂಬಳದ ಶೇ. 25 ಯುಕ್ತ ಎಂದದ್ದನ್ನೇ ಎಲ್ಲರೂ ಮಂತ್ರದಂತೆ ಹೇಳುತ್ತಾರೆ. ಅದು ಸಂಬಳದ ಮಾತು, ಹೆಂಡತಿಯ ಮಾತು.

ನಮ್ಮ ಭಾಗದಲ್ಲಿ ಹಣ ಮೂರು ತಾಳದಲ್ಲಿ ಬರುತ್ತದೆ. ಕಾಲೋನಿಯ ನೌಕರನಿಗೆ ತಿಂಗಳಿಗೆ, ರಬಕವಿ-ಬನಹಟ್ಟಿಯ ಮಗ್ಗದವನಿಗೆ ವಾರಕ್ಕೆ, ಕಬ್ಬಿನವನಿಗೆ ಹಂಗಾಮಿಗೆ. ಕೋರ್ಟಿನ ಆದೇಶಕ್ಕೆ ತಿಂಗಳೊಂದೇ ಗೊತ್ತು. ಸಂಬಳದವನಿಂದ ವಸೂಲಿ ಸುಲಭ. ಜೀವನಾಂಶದ ಡಿಕ್ರಿಗೆ ಸಂಬಳದ ಮೂರನೇ ಒಂದು ಭಾಗ ಬಿಟ್ಟು ಉಳಿದದ್ದನ್ನು ಜಪ್ತಿ ಮಾಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಅವಕಾಶ ಕೊಡುತ್ತದೆ. ಕಬ್ಬಿನ ಬಿಲ್ಲು 14 ದಿನದಲ್ಲಿ ಸಿಗಬೇಕು, ತಪ್ಪಿದರೆ ಶೇ. 15 ಬಡ್ಡಿ ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಹೇಳುತ್ತದೆ ಅಷ್ಟೇ. ಬಂದ ಬಿಲ್ಲಿನಲ್ಲೂ ಮೊದಲು ಸೊಸೈಟಿಯ ಸಾಲ ಮುರಿಯುತ್ತದೆ.

ಕೆಲವು ವರ್ಷಗಳ ಹಿಂದೆ ಒಬ್ಬ ತಂದೆ ಅಫಿಡವಿಟ್ಟಿನಲ್ಲಿ 'ಆದಾಯ: ಇಲ್ಲ' ಎಂದು ಬರೆದುಕೊಟ್ಟ. ಸುಳ್ಳಲ್ಲ. ಹೊಲ ಅಜ್ಜನ ಹೆಸರಿಗೆ, ಬಿಲ್ಲು ಅಣ್ಣನ ಖಾತೆಗೆ. ತಾಯಿ ಪ್ಲಾಸ್ಟಿಕ್ ಚೀಲದಲ್ಲಿ ಕಬ್ಬು ತೂಗಿದ ಕಾಟಾ ಚೀಟಿಗಳನ್ನು ತಂದಿದ್ದಳು. ಮದುವೆಯಾದ ವರ್ಷದಿಂದ ಟ್ರ್ಯಾಕ್ಟರ್ ಮನೆಗೆ ಬಂದಾಗ ಅವಳೇ ಜತನ ಮಾಡಿಟ್ಟವು. ಮೂಲೆಗೆ ಎಣ್ಣೆ ಹತ್ತಿತ್ತು, ಟನ್ನಿನ ಅಂಕಿ ಮಾಸಿರಲಿಲ್ಲ. ಆ ಚೀಟಿಗಳೇ ಅವಳ ಸಾಕ್ಷಿ. ನನ್ನನ್ನು ಕೆರಳಿಸುವುದು ಇದು: 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆಸ್ತಿ-ಆದಾಯದ ಅಫಿಡವಿಟ್ ಕಡ್ಡಾಯ ಮಾಡಿದಾಗ ಸಂಬಳದವರಿಗೆ ಬೇರೆ, ಕೃಷಿಕರಿಗೆ ಬೇರೆ ನಮೂನೆ ಕೊಟ್ಟಿದೆ. ಹೊಲದಲ್ಲಿ ಪಾಲೆಷ್ಟು, ನೀರಾವರಿಯೋ ಒಣಬೇಸಾಯವೋ, ಹಿಂದಿನ ಮೂರು ವರ್ಷದ ಆದಾಯ, ಲಾವಣಿ ಹೊಲ, ದನಕರು, ಸಾಲ, ಎಲ್ಲ ಅದರಲ್ಲಿ ಕೇಳುತ್ತದೆ. ನನ್ನ ಕೈಗೆ ಬಂದ ಫೈಲುಗಳಲ್ಲಿ ಕಬ್ಬಿನ ರೈತರೂ ಸಂಬಳದವರ ನಮೂನೆಯನ್ನೇ ತುಂಬಿ, ಕಾಲಂಗಳಲ್ಲಿ ಸಾಲಾಗಿ 'ಇಲ್ಲ' ಬರೆದಿರುತ್ತಾರೆ. ಟೈಪಿಂಗ್ ಅಂಗಡಿಯ ಕಂಪ್ಯೂಟರಿನಲ್ಲಿ ಅದೊಂದೇ ಇರುತ್ತದೆ.

ಹೊಲದ ಪ್ರಶ್ನೆ ಇನ್ನೂ ಆಳ. ಪಿತ್ರಾರ್ಜಿತ ಹೊಲದಲ್ಲಿ ಮಗನಿಗೆ ಹುಟ್ಟಿನಿಂದ ಪಾಲಿದೆ. ಮಗಳಿಗೂ ನಮ್ಮ ರಾಜ್ಯ 1994ರಲ್ಲಿ, ದೇಶ 2005ರಲ್ಲಿ ಕೊಟ್ಟಿತು. ಮಗು ತಾಯಿಯ ಬಳಿ ಬಂದರೂ ಏಕತ್ರ ಕುಟುಂಬದ ಅವಿಭಕ್ತ ಪಾಲಿಗೆ ಆಕೆ ಪಾಲಕಳಾಗುವುದಿಲ್ಲ. 1956ರ ಅಪ್ರಾಪ್ತ ವಯಸ್ಕರ ಕಾಯ್ದೆಯ 12ನೇ ಕಲಂ ಅದನ್ನು ಮನೆಯ ಹಿರಿಯನ ಕೈಯಲ್ಲೇ ಬಿಟ್ಟಿದೆ. ಅಂದರೆ ಆದಾಯವಿಲ್ಲ ಎಂದು ಬರೆದುಕೊಟ್ಟ ಅದೇ ಹೊಲದಲ್ಲಿ ಮಗುವಿನ ಪಾಲೂ ಇರುತ್ತದೆ, ಅದರ ಕಬ್ಬೂ ಕಾರ್ಖಾನೆಗೆ ಹೋಗುತ್ತದೆ. ಮಗುವಿನ ಪರವಾಗಿ ತಾಯಿ ವಾಟ್ನಿ (ಪಾಲುವಿಭಾಗದ) ದಾವೆ ಹಾಕಬಹುದು. ಹಾಕಿದರೆ ಶನಿವಾರದ ಭೇಟಿ ನಿಲ್ಲುತ್ತದೆ. ಜಂಟಿ ಪಾಲನೆಯ ಬಗ್ಗೆ ನಾನು ಓದಿದ ಲೇಖನಗಳಲ್ಲಿ ಈ ಇಕ್ಕಟ್ಟಿನ ಪ್ರಸ್ತಾಪವೇ ಇಲ್ಲ. ಅವುಗಳಲ್ಲಿ ಬರುವುದು ಬೆಂಗಳೂರಿನ ಫ್ಲ್ಯಾಟು.

ಕಾಲೋನಿಯವರಿಗೆ ಬೇರೆ ತೊಡಕು. ಮಗುವಿನ ಹೆಸರಿನ ಠೇವಣಿಯ ಬಡ್ಡಿ, ಮದುವೆ ಮುರಿದಿದ್ದರೆ, ಆ ವರ್ಷ ಮಗುವನ್ನು ಸಾಕಿದವರ ಆದಾಯಕ್ಕೆ ಸೇರುತ್ತದೆ ಎಂದು 1961ರ ಆದಾಯ ತೆರಿಗೆ ಕಾಯ್ದೆಯ 64ನೇ ಕಲಂ ಹೇಳಿತು. ಇಬ್ಬರೂ ಆರಾರು ತಿಂಗಳು ಸಾಕಿದರೆ? ಉತ್ತರ ಅಲ್ಲಿಲ್ಲ. ರೇಷನ್ ಕಾರ್ಡಿನಲ್ಲೂ ಮಗುವಿನ ಹೆಸರು ಒಂದೇ ಮನೆಯಲ್ಲಿ ಇರಬೇಕು. ಜಮಖಂಡಿ, ಬೀಳಗಿಯ ಮುಸ್ಲಿಂ ತಾಯಂದಿರ ಹಿಜಾನತ್ (ಮಗುವನ್ನು ಬಳಿ ಇಟ್ಟುಕೊಳ್ಳುವ) ಹಕ್ಕಿನದು ಇನ್ನೊಂದು ಲೇಖನವೇ ಆಗುವಷ್ಟಿದೆ, ನಾನು ಅದಕ್ಕೆ ತಕ್ಕವನಲ್ಲ.

ಆಯೋಗದ ವರದಿ ಇನ್ನೂ ಕಾಯ್ದೆಯಾಗಿಲ್ಲ. ಮಗುವಿನ ಹಣ 18ಕ್ಕೆ ನಿಲ್ಲದೆ, ಬೇಕಾದರೆ 25ರವರೆಗೂ ಕೊಡಿಸಲಿ ಎಂಬ ಅದರ ಮಾತೂ ಹಾಗೇ ಉಳಿದಿದೆ. ಅಲ್ಲಿಯವರೆಗೆ ರಾಜಿ ಪತ್ರದಲ್ಲೇ ಬರೆದುಕೊಳ್ಳಬೇಕು: ತಿಂಗಳಿಗೆ ಸಣ್ಣ ಮೊತ್ತ, ಬಿಲ್ಲು ಬಂದ ವಾರದಲ್ಲಿ ದೊಡ್ಡ ಕಂತು, ಶಾಲೆಯ ಫೀ ಪ್ರತ್ಯೇಕ, ಬಿಲ್ಲು ಯಾರ ಖಾತೆಗೆ ಜಮಾ ಆಗುತ್ತದೋ ಅವರದೂ ಸಹಿ.

ತಾಯಂದಿರಿಗೆ ಒಂದು ಮಾತು. "ಬಿಲ್ ಬಂದಮ್ಯಾಲೆ ಎಲ್ಲಾ ಕೂಡಿ ಕೊಡ್ತೀನಿ" ಎಂದರೆ ನಂಬಿ ಎರಡು ಹಂಗಾಮು ಕಾಯಬೇಡಿ. 125ನೇ ಕಲಂ 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ, ಮುದ್ದತ್ತು ಮಾತ್ರ ಹಳೆಯದೇ. ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಕೊಡದಿದ್ದರೆ ಆ ತಿಂಗಳ ಹಣಕ್ಕೆ ವಾರಂಟು ಹೊರಡುವುದಿಲ್ಲ.